ಕೊಲೆಯ ನಡುವೆ ಹವಾಮಾನ

ಸೋಮವಾರ, ಜೂನ್ ೩

ಅಕ್ಕ ಮತ್ತು ಭಾವ ಬಂದಿಳಿದರು. ಅವರ ಮನೆಯ ನೆಲದಡಿಯ ಪೈಪುಗಳೆಲ್ಲ ತುಕ್ಕು ತಿಂದು ಹೋಗಿವೆಯಂತೆ, ನೆಲ ಅಗೆದು ಹೊಸದಾಗಿ ಹಾಕಬೇಕಂತೆ. "ಎರಡೇ ಎರಡು ವಾರ ಕಣೋ ಗೂಬೆ" ಎಂದಳು ಅಕ್ಕ. ಇಳಿಸಿದ ಸಾಮಾನು ನೋಡಿದರೆ ಎರಡು ವರ್ಷಕ್ಕೆ ಧಾರಾಳವಾಗಿ ಸಾಲುತ್ತದೆ.

ಮೂರು ಕೋಣೆಯ ಮನೆ, ಇರುವವನು ನಾನೊಬ್ಬ. ಹೊರಗಿನಿಂದ ನೋಡುವವರಿಗೆ ಜಾಗವೋ ಜಾಗ. ಆದರೆ ಒಂದರಲ್ಲಿ ನಾನು ಮಲಗುತ್ತೇನೆ. ಇನ್ನೊಂದರಲ್ಲಿ ಹಳೆಯ ಮಾನಿಟರು, ಕೀಬೋರ್ಡು, ವೈರುಗಳಿವೆ. ಮೂರನೆಯದರಲ್ಲಿ ಅವೆಲ್ಲ ಬಂದಿದ್ದ ರಟ್ಟಿನ ಡಬ್ಬಗಳಿವೆ. ಒಂದೂ ದಂಡದ್ದಲ್ಲ, ನಾಳೆ ಬೇಕಾದೀತು. ಮಾನಿಟರುಗಳನ್ನು ಗೋಡೆಗೆ ಒತ್ತಿ ಅಕ್ಕನಿಗೆ ಮಂಚ ಹಾಕಿಕೊಟ್ಟೆ. ಅಕ್ಕನ ಗೊರಕೆಗೆ ಹೆದರಿದ ಭಾವ ತಾವಾಗಿಯೇ ಡಬ್ಬಗಳ ಕೋಣೆ ಆರಿಸಿಕೊಂಡರು.

ಇದೆಲ್ಲ ಹೋಗಲಿ. ನಾನು ಕಾಫಿ ಕಾಸಿ ತರುವಷ್ಟರಲ್ಲಿ ಭಾವ ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ನನ್ನ ಕುರ್ಚಿ! ನಡುಮನೆಯಲ್ಲಿರುವುದು ಅದೊಂದೇ. ನಾನು ಸ್ಟೂಲಿನ ಮೇಲೆ ಕೂತೆ. ಈ ಸಂಗತಿ ಇಲ್ಲಿ ಬರೆದಿಡುತ್ತಿದ್ದೇನೆ, ಮರೆಯದಿರಲಿ ಎಂದು.

ಆಫೀಸಿನಲ್ಲೂ ತಲೆನೋವು. ಗ್ರಂಥಾಲಯಕ್ಕೆ ಪರೀಕ್ಷೆಗೆಂದು ಕೊಟ್ಟಿರುವ ನಮ್ಮ ಓದುವ ಯಂತ್ರ ಓದುತ್ತ ಓದುತ್ತ ಸುಮ್ಮನಾಗಿಬಿಡುತ್ತದಂತೆ. ಅದರ ಪ್ರೋಗ್ರಾಂ ಪೂರ್ತಿ ನನ್ನದೇ. ನಾಳೆ ಹೋಗಿ ನೋಡಬೇಕು. ಪ್ಲಗ್ ಸರಿಯಾಗಿ ಸಿಕ್ಕಿಸಿರಲಿಕ್ಕಿಲ್ಲ.

ಮಂಗಳವಾರ, ಜೂನ್ ೪

ಪ್ಲಗ್ ಸರಿಯಾಗಿಯೇ ಇತ್ತು.

ಯಂತ್ರವನ್ನು ಕಿಟಕಿ ಬದಿಯ ಮೇಜಿನ ಮೇಲೆ ಚೆನ್ನಾಗಿ ಇಟ್ಟಿದ್ದಾರೆ. ದೀಪದ ಕಂಬದಂಥ ಕ್ಯಾಮೆರಾ, ಅದರಡಿ ಪುಟ ಇಟ್ಟರೆ ಚಿತ್ರ ತೆಗೆದು, ಅಕ್ಷರ ಗುರುತಿಸಿ, ಗಟ್ಟಿಯಾಗಿ ಓದುತ್ತದೆ. ಮುಂದೆ ಒಬ್ಬರು ಅಜ್ಜಿ ಕೂತಿದ್ದರು. ಕಣ್ಣು ಹೋಗಿ ಕೆಲವು ವರ್ಷಗಳಾಗಿವೆ. ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರಂತೆ, ಎಲ್ಲರೂ ಎಕ್ಸ್‌ಚೇಂಜ್ ಅಜ್ಜಿ ಎನ್ನುತ್ತಾರೆ. ನನ್ನ ಹೆಜ್ಜೆ ಸದ್ದಿಗೇ ತಿರುಗಿದರು.

"ನೀನೇನಪ್ಪ ಈ ಮಿಷಿನ್ ಮಹಾಶಯ? ಹೋಟ್ಲಲ್ಲಿ ಹೆಣ ಬಿದ್ದಿದೆ, ಇನ್‌ಸ್ಪೆಕ್ಟ್ರು ಬಾಗ್ಲು ಒದ್ದು ಒಳಗೆ ಬಂದ್ರು, 'ಕೊಲೆ ಮಾಡಿದ್ದು' ಅಂದ್ರು. ಅಷ್ಟಕ್ಕೇ ನಿನ್ನ ಮಿಷಿನ್ನು ಬಾಯಿ ಮುಚ್ಕೊಳ್ತು. ಅದಕ್ಕೂ ಕೊಲೆಗೂ ಏನಾದ್ರೂ ಸಂಬಂಧ ಇದ್ಯಾ ಹೇಗೆ?"

"ಇಲ್ಲ ಅಜ್ಜಿ, ಸರಿಮಾಡ್ತೀನಿ."

"ಬೇಗ ಮಾಡು. ಕೊಲೆಗಾರ ಯಾರು ಅಂತ ಗೊತ್ತಾಗ್ದೆ ಸಾಯೋಕೆ ನಂಗೆ ಸ್ವಲ್ಪಾನೂ ಇಷ್ಟ ಇಲ್ಲ."

ಗ್ರಂಥಪಾಲಕಿ ನಗು ತಡೆದುಕೊಂಡು ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಆರಿಸಿ ಹಚ್ಚಿದರೆ ಯಂತ್ರ ಮತ್ತೆ ಓದುತ್ತದೆ, ಇನ್‌ಸ್ಪೆಕ್ಟರು ಅಂದದ್ದೂ 'ಕೊಲೆ ಮಾಡಿದ್ದು ಯಾರೆಂದು ಪತ್ತೆಹಚ್ಚುತ್ತೇನೆ' ಎಂದಷ್ಟೇ. ಆದರೆ ಕಣ್ಣು ಕಾಣದವರು ಪ್ರತಿ ಸಲ ಯಾರನ್ನೋ ಕರೆದು ಹಚ್ಚಿಸಬೇಕು, ಬಿಟ್ಟ ಸಾಲು ಹುಡುಕಬೇಕು. ಇಪ್ಪತ್ತೊಂದರ ಶುಕ್ರವಾರ ಗ್ರಂಥಾಲಯದ ಸಮಿತಿ ಬರುತ್ತದೆ. ಅವರೆದುರು ಒಂದು ಬೆಳಗ್ಗೆ ಪೂರ್ತಿ ನಿಲ್ಲದೆ ಓದಿದರೆ ಯಂತ್ರ ಇಲ್ಲೇ ಉಳಿಯುತ್ತದೆ. ನಡುವೆ ನಿಂತಿತೋ, ಅವತ್ತೇ ವಾಪಸ್.

"ವಾಪಸ್ ಹೋದ್ರೆ ಅಜ್ಜಿ ಮತ್ತೆ ಮನೇಲಿ ಗೋಡೆಗೆ ಮುಖ ಮಾಡ್ಕೊಂಡು ಕೂರ್ತಾರೆ ಸರ್. ಅವ್ರು ಬರೋಕೆ ಶುರು ಮಾಡಿದ ಮೇಲೆ ಇಲ್ಲಿ ನಮಗೂ ಹೊತ್ತು ಹೋಗೋದೇ ಗೊತ್ತಾಗಲ್ಲ" ಎಂದರು.

"ನೀವಾದ್ರೂ ಕೊಲೆಗಾರ ಯಾರು ಅಂತ ಅವರಿಗೆ ಹೇಳಿಬಿಡಬಹುದಲ್ಲ?"

"ಹೇಳಿದ್ರೆ ಮುಂದಿನ ಕೊಲೆ ನಂದೇ ಅಂದಿದ್ದಾರೆ."

ಗುರುವಾರ, ಜೂನ್ ೬

ಮೊದಲ ಸಂಶಯ: ಸೋರಿಕೆ. ಪ್ರೋಗ್ರಾಂ ಪ್ರತಿ ಪುಟದ ಚಿತ್ರಕ್ಕೂ ಮೆಮೊರಿಯಲ್ಲಿ ಜಾಗ ಕೇಳುತ್ತದೆ, ಓದಿ ಮುಗಿದ ಮೇಲೆ ಹಿಂತಿರುಗಿಸಬೇಕು. ಮರೆತರೆ ಆ ಜಾಗ ಯಾರಿಗೂ ಇಲ್ಲ. ಇಡೀ ದಿನ ಕೂತು ಪರಿಶೀಲಿಸಿದೆ. ಕೇಳಿದ್ದೆಲ್ಲ ತಿರುಗಿ ಬಂದಿದೆ, ಒಂದೇ ಒಂದು ಚೂರೂ ಬಾಕಿ ಇಲ್ಲ. ಆಫೀಸಿನ ಯಂತ್ರ ನಮ್ಮ ದಪ್ಪ ನಿಘಂಟನ್ನು ಬೆಳಗಿನಿಂದ ಸಂಜೆಯವರೆಗೆ ಮುಗ್ಗರಿಸದೆ ಓದಿತು.

ಮನೆಗೆ ಬಂದರೆ ಕುರ್ಚಿಯಲ್ಲಿ ಭಾವ.

ಶನಿವಾರ, ಜೂನ್ ೮

ಅಕ್ಕ ಹಲ್ಲಿನ ಡಾಕ್ಟರು. ತಿಂಡಿ ತಿನ್ನುತ್ತಿದ್ದವನನ್ನು ಬೆಳಕಿಗೆ ತಿರುಗಿಸಿ "ಬಾಯಿ ತೆಗಿ" ಎಂದಳು. ತೆಗೆದೆ. ನಲವತ್ತಮೂರು ವರ್ಷದವನು, ಆದರೂ ಅಕ್ಕ ತೆಗೆ ಎಂದರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಎರಡು ಹುಳುಕು ಸಿಕ್ಕವು. ಆ ಉತ್ಸಾಹದಲ್ಲೇ ಅವಳ ಕಣ್ಣು ನನ್ನ ವೈರುಗಳ ಡಬ್ಬದ ಮೇಲೆ ಬಿತ್ತು.

"ಇದ್ಯಾವುದಕ್ಕೋ ಇದು?"

"ಬೇಕಾಗುತ್ತೆ."

"ಯಾವಾಗ?"

"ಬೇಕಾದಾಗ."

ಭಾವ ಬಿದ್ದು ಬಿದ್ದು ನಕ್ಕರು. ಅವರು ಈಜು ಕಲಿಸುವ ಕೋಚ್. ಕೊಳದ ಈ ತುದಿಯಿಂದ ಆ ತುದಿಗೆ ಕೂಗಿ ಅಭ್ಯಾಸವಾದ ಗಂಟಲು, ನಕ್ಕರೆ ಲೋಟದ ನೀರು ಅಲುಗುತ್ತದೆ. "ಅದಿರ್ಲಿ ಬಾಮೈದ, ಆ ಯಂತ್ರದ ಕತೆ ಏನು? ಸ್ವಲ್ಪ ನಮಗೂ ತಿಳಿಯೋ ಹಾಗೆ ಹೇಳು" ಎಂದರು.

ಹೇಳಿದೆ. ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ ಎಂಬುದಿದೆ, ನಾನು ಅದನ್ನು ಪಾರುಪತ್ಯಗಾರ ಎನ್ನುತ್ತೇನೆ. ಜಾಗವೆಲ್ಲ ಅವನ ಸುಪರ್ದು. ಕೇಳಿದ ಪ್ರೋಗ್ರಾಮಿಗೆ ಕೊಡುತ್ತಾನೆ, ಬಿಟ್ಟದ್ದನ್ನು ಪಡೆದು ಇನ್ನೊಂದಕ್ಕೆ ಕೊಡುತ್ತಾನೆ. ಕೊಡುವ ಮೊದಲು ಹಿಂದಿನವರ ಗುರುತು ಉಳಿಯದಂತೆ ಒರೆಸಿಯೇ ಕೊಡುತ್ತಾನೆ. ಯಾರೂ ಕೇಳದ ಜಾಗವನ್ನೂ ಸುಮ್ಮನೆ ಬಿಡುವವನಲ್ಲ. ಮತ್ತೆ ಬೇಕಾಗಬಹುದಾದ ಫೈಲುಗಳನ್ನು ಅಲ್ಲಿ ಹರಡಿಕೊಂಡಿರುತ್ತಾನೆ, ಯಾರಾದರೂ ಬಂದು ಜಾಗ ಕೇಳಿದರೆ ಗೊಣಗದೆ ಎತ್ತಿ ಕೊಡುತ್ತಾನೆ.

"ಗೊಣಗದೆ" ಎಂದು ಅಕ್ಕ ಭಾವನ ಮುಖ ನೋಡಿದಳು. ಭಾವ ಕುರ್ಚಿಯ ಕೈ ತಟ್ಟಿದರು. ಏನು ಅರ್ಥವೋ.

ನನ್ನ ಉಗ್ರಾಣದ ಬಗ್ಗೆಯೂ ಹೆಮ್ಮೆಯಿಂದಲೇ ಹೇಳಿದೆ. ಪ್ರತಿ ಪುಟಕ್ಕೂ ಪಾರುಪತ್ಯಗಾರನ ಮುಂದೆ ಕೈಚಾಚಿ ನಿಲ್ಲುವುದೇಕೆಂದು, ಪಡೆದ ಜಾಗವನ್ನೆಲ್ಲ ಇಟ್ಟುಕೊಂಡು ತಾನೇ ಹಂಚುವ ಒಂದು ಸಣ್ಣ ಉಗ್ರಾಣವನ್ನು ಪ್ರೋಗ್ರಾಮಿನೊಳಗೇ ಕಟ್ಟಿದ್ದೇನೆ. ಆಫೀಸಿನಲ್ಲಿ ಇವತ್ತಿಗೂ ಅದನ್ನು ಹೊಗಳುತ್ತಾರೆ.

ಸೋಮವಾರ, ಜೂನ್ ೧೦

ಗ್ರಂಥಾಲಯದಿಂದ ಫೋನು. ಮತ್ತೆ ನಿಂತಿತು. ಓಡಿದೆ.

ಈ ಸಲ ಯಂತ್ರವನ್ನು ಆರಿಸುವ ಮೊದಲೇ ಒಳಗೆ ಇಣುಕಿದೆ. ಪಾರುಪತ್ಯಗಾರ ಒಂದು ಸಾಲು ಬರೆದಿಟ್ಟಿದ್ದ: ಜಾಗ ಮುಗಿಯಿತು, ಓದುಗನನ್ನು ಕೊಂದೆ. ನಿಜಕ್ಕೂ ಅದೇ ಪದ. ಓದುಗ ಎಂದರೆ ನನ್ನ ಪ್ರೋಗ್ರಾಂ. ಜಾಗ ಪೂರ್ತಿ ಖಾಲಿಯಾಗಿ ಬೇರೆ ದಾರಿ ಇಲ್ಲದಾಗ, ಅತಿ ಹೆಚ್ಚು ಜಾಗ ಹಿಡಿದು ಕೂತಿರುವವನನ್ನು ಅವನು ಕೊಂದು ಉಳಿದವರನ್ನು ಉಳಿಸುತ್ತಾನೆ.

ಅಜ್ಜಿಗೆ ಹೇಳಿದೆ. ಮುಖ ಅರಳಿತು.

"ಅಂದ್ರೆ ಇಲ್ಲೂ ಕೊಲೆ! ಕೊಂದವನು ಗೊತ್ತು, ಸತ್ತವನು ಗೊತ್ತು. ಕಾರಣ ಯಾರು?"

"ಅದನ್ನೇ ಹುಡುಕ್ತಿದೀನಿ ಅಜ್ಜಿ. ಕೇಳಿದ ಜಾಗವನ್ನೆಲ್ಲ ಪ್ರೋಗ್ರಾಂ ವಾಪಸ್ ಕೊಟ್ಟಿದೆ. ಆದ್ರೂ ಜಾಗ ಎಲ್ಲೋ ಹಿಡಿದುಹೋಗಿದೆ."

"ಸಾಯೋ ಮೊದ್ಲು ಅದು ಏದುಸಿರು ಬಿಡ್ತಿತ್ತು, ಬರ್ಕೋ. ವಾಕ್ಯದಿಂದ ವಾಕ್ಯಕ್ಕೆ ಹೋಗೋಕೆ ತಡ ಆಗ್ತಿತ್ತು. ನಂಗೆ ಕಿವಿ ಇನ್ನೂ ಚೆನ್ನಾಗಿದೆ."

ಬರೆದುಕೊಂಡೆ. ಸರಿಯಾದ ಮಾತು. ಜಾಗ ಸಾಲದಾದಾಗ ಪಾರುಪತ್ಯಗಾರ ಸಾಮಾನನ್ನು ನಿಧಾನದ ಡಿಸ್ಕಿಗೆ ಸಾಗಿಸಿ, ಬೇಕಾದಾಗ ತರಿಸುತ್ತ ಹೇಗೋ ಸಂಭಾಳಿಸುತ್ತಾನೆ. ಏದುಸಿರು ಅದರದೇ.

ಗ್ರಂಥಪಾಲಕಿ ಚಹಾ ತಂದುಕೊಟ್ಟರು. ನಾನು ಕಾಫಿಯವನು. ಕುಡಿದೆ, ಚೆನ್ನಾಗಿತ್ತು.

ಬುಧವಾರ, ಜೂನ್ ೧೨

ಯಂತ್ರ ನಿಂತಿರಲಿಲ್ಲ. ಆದರೂ ಒಮ್ಮೆ ನೋಡಿಬರೋಣ ಎಂದು ಹೋದೆ. ದಾರಿಯಲ್ಲೇ ಸಿಗುತ್ತದೆ, ಎರಡು ಬಸ್ಸು ಬದಲಿಸಿದರೆ.

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಕೇಳು ಇಲ್ಲಿ. ಅಡುಗೆಯವನು ಕತ್ತಲಲ್ಲಿ ಚಾಕು ಎತ್ತಿದ, ಮೆಲ್ಲಗೆ ಬಾಗ್ಲು ತಳ್ಳಿದ, ಆಗ ನಿನ್ನ ಮಿಷಿನ್ನು ಏನಂತು ಗೊತ್ತಾ? 'ನಾಳೆ ಬೆಳಗ್ಗೆ ಸಾಧಾರಣ ಮೋಡ, ಮಧ್ಯಾಹ್ನದ ನಂತರ ಬಿಸಿಲು.'"

"ಪುಸ್ತಕದಲ್ಲಿ ಹಾಗೇ ಇರ್ಬೇಕು ಅಜ್ಜಿ."

"ಚಾಕು ಎತ್ತಿದವನು ಹವಾಮಾನ ವಿಚಾರಿಸ್ತಾನೇನೋ?"

ಗ್ರಂಥಪಾಲಕಿ ಪುಟ ತೆರೆದು ನೋಡಿದರು. ಇರಲಿಲ್ಲ. ಬೆಳಗ್ಗೆ ಅಜ್ಜಿ ಓದಿಸಿಕೊಂಡ ಪತ್ರಿಕೆಯ ಸಾಲು ಅದು. ಅಜ್ಜಿಯದೊಂದು ಪದ್ಧತಿ ಇದೆ. ಕಾದಂಬರಿಯ ಒಂದು ಅಧ್ಯಾಯ ಮುಗಿದ ಮೇಲೆ ಪತ್ರಿಕೆಯ ಒಂದು ಇಡೀ ಹಾಳೆ, ಆಮೇಲೆ ಮತ್ತೆ ಕಾದಂಬರಿ. ಕೊಲೆಯ ಮೇಲೆ ಕೊಲೆ ಕೇಳಿದರೆ ಅಜೀರ್ಣವಾಗುತ್ತದಂತೆ. ನಾವು ಮೂವರೂ ನಕ್ಕೆವು. ಗ್ರಂಥಪಾಲಕಿ ನಗುವಾಗ ಮೊದಲು ಸದ್ದೇ ಬರುವುದಿಲ್ಲ, ಭುಜ ಮಾತ್ರ ಅಲುಗುತ್ತದೆ, ಸದ್ದು ಆಮೇಲೆ ಬರುತ್ತದೆ. ಸುಮ್ಮನೆ ದಾಖಲೆಗೆ ಬರೆದಿದ್ದೇನೆ.

ಈ ಹವಾಮಾನದ ವಿಷಯ ಸಣ್ಣದು. ದೊಡ್ಡ ತೊಂದರೆ ಬಗೆಹರಿದ ಮೇಲೆ ನೋಡಿಕೊಂಡರಾಯಿತು.

ಗುರುವಾರ, ಜೂನ್ ೧೩

ಏನೂ ಸಿಗಲಿಲ್ಲ. ನಿಘಂಟು ಓದಿಸಿ ಓದಿಸಿ ಕಿವಿ ತೂತು ಬಿತ್ತು, ಯಂತ್ರ ಕಲ್ಲುಗುಂಡಿನ ಹಾಗಿದೆ. ಬಾಸ್ ಬಂದು, "ಗಂಟೆಗೊಂದ್ಸಲ ಅದಾಗೇ ಆರಿ ಹತ್ಕೊಳ್ಳೋ ಹಾಗೆ ಮಾಡಿಬಿಡಿ, ಸಾಕು" ಎಂದರು. ಆಗಬಹುದು. ಆದರೆ ಕೊಲೆಗಾರನ ಹೆಸರು ಬರುವ ಹೊತ್ತಿಗೇ ಆರಿದರೆ? ಆಗುವುದಿಲ್ಲ ಎಂದೆ. ಬಾಸಿಗೆ ನಾನು ಆಗುವುದಿಲ್ಲ ಎಂದದ್ದು ಇದೇ ಮೊದಲಿರಬೇಕು.

ಶನಿವಾರ, ಜೂನ್ ೧೫

ಸಿಕ್ಕಿತು! ಸಿಕ್ಕಿತು, ಸಿಕ್ಕಿತು, ಸಿಕ್ಕಿತು!

ಬೆಳಗ್ಗೆ ಎದ್ದು ಬಚ್ಚಲಿಗೆ ಹೊರಟವನು ಭಾವನ ಕಾಲಿಗೆ ಎಡವಿ ಧೊಪ್ಪೆಂದು ಬಿದ್ದೆ. ಅವರ ತಲೆ ಡಬ್ಬಗಳ ಕೋಣೆಯಲ್ಲಿತ್ತು, ಕಾಲು ಬಾಗಿಲಾಚೆ ನಡುಮನೆಯಲ್ಲಿತ್ತು.

"ಭಾವ, ಒಳಗೆ ಅಷ್ಟೊಂದು ಜಾಗ ಇದೆಯಲ್ಲ!"

"ಎಲ್ಲಯ್ಯ ಇದೆ? ಆ ಮೂಲೇಲಿ ಒಂದು ಗೇಣು, ಈ ಮೂಲೇಲಿ ಒಂದು ಮೊಳ, ಡಬ್ಬದಿಂದ ಡಬ್ಬಕ್ಕೆ ಒಂದು ಬೆರಳು. ಎಲ್ಲ ಕೂಡಿಸಿದ್ರೆ ಆನೆ ಮಲಗಬಹುದು. ಆದ್ರೆ ನಾನು ಒಂದೇ ತುಂಡು ಬಾಮೈದ, ನನ್ನನ್ನ ಕತ್ತರಿಸಿ ಇಡೋಕಾಗುತ್ತಾ?"

ನಾನು ಎದ್ದೇಳಲಿಲ್ಲ. ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಪೆಟ್ಟಾಯಿತೇನೋ ಎಂದು ಅಕ್ಕ ಓಡಿಬಂದಳು. ನಾನು ಅವಳ ಕೈ ಹಿಡಿದು "ಪತ್ರಿಕೆ ಅಕ್ಕಾ, ಪತ್ರಿಕೆ!" ಎಂದೆ. ತಲೆಗೇ ಪೆಟ್ಟಾಗಿದೆ ಎಂದುಕೊಂಡಳು.

ಆಗಿದ್ದು ಇಷ್ಟೇ. ಅಜ್ಜಿಯ ಪತ್ರಿಕೆ ದೊಡ್ಡ ಹಾಳೆ, ಅದಕ್ಕೆ ದೊಡ್ಡ ಜಾಗ ಬೇಕು. ಓದಿ ಮುಗಿದ ಮೇಲೆ ಅದು ನನ್ನ ಉಗ್ರಾಣಕ್ಕೆ ಬರುತ್ತದೆ. ಆಮೇಲೆ ಕಾದಂಬರಿಯ ಪುಟ್ಟ ಪುಟಗಳು ಬಂದು ಜಾಗ ಕೇಳುತ್ತವೆ. ಉಗ್ರಾಣ ಆ ದೊಡ್ಡ ತುಂಡನ್ನೇ ಚೂರು ಚೂರು ಕತ್ತರಿಸಿ ಹಂಚುತ್ತದೆ. ಚೂರುಗಳು ತಿರುಗಿ ಬರುತ್ತವೆ, ಆದರೆ ಅಕ್ಕಪಕ್ಕದವನ್ನು ಮತ್ತೆ ಕೂಡಿಸಿ ಒಂದು ಮಾಡುವ ಬುದ್ಧಿ ನನ್ನ ಉಗ್ರಾಣಕ್ಕಿಲ್ಲ. ಮುಂದಿನ ಅಧ್ಯಾಯ ಮುಗಿದು ಮತ್ತೆ ಪತ್ರಿಕೆ ಬಂದರೆ ದೊಡ್ಡ ತುಂಡೇ ಇಲ್ಲ! ಪಾರುಪತ್ಯಗಾರನ ಹತ್ತಿರ ಹೊಸದಾಗಿ ಕೇಳುತ್ತದೆ. ಅದನ್ನೂ ಕತ್ತರಿಸುತ್ತದೆ. ಹಳೆಯದನ್ನು ಅವನಿಗೆ ಹಿಂತಿರುಗಿಸುವುದೂ ಇಲ್ಲ. ನಾಳೆ ಬೇಕಾದೀತು! ಹೀಗೇ ಕೇಳಿ ಕೇಳಿ ಅವನ ಹತ್ತಿರ ಇದ್ದದ್ದೆಲ್ಲ ಮುಗಿಯಿತು.

ಹವಾಮಾನವೂ ಇಲ್ಲೇ ಕೂಡುತ್ತದೆ. ಪಾರುಪತ್ಯಗಾರ ಒರೆಸದೆ ಯಾರಿಗೂ ಜಾಗ ಕೊಡುವುದಿಲ್ಲ. ಆದರೂ ಕಾದಂಬರಿಯ ಪುಟದ ಅಂಚಿನಲ್ಲಿ ಬೆಳಗಿನ ಪತ್ರಿಕೆಯ ಸಾಲು ಉಳಿದಿತ್ತು. ಅಂದರೆ ಆ ತುಂಡು ಅವನ ಕೈಗೆ ಹೋಗಲೇ ಇಲ್ಲ, ಪ್ರೋಗ್ರಾಮಿನ ಮನೆಯೊಳಗೇ ಯಾರೋ ಇಟ್ಟುಕೊಂಡು ಮನೆಯೊಳಗೇ ದಾಟಿಸಿದ್ದಾರೆ. ಬುಧವಾರವೇ ಅಜ್ಜಿ ಕೊಲೆಗಾರನ ಬೆರಳಚ್ಚು ತಂದು ಕೈಯಲ್ಲಿಟ್ಟಿದ್ದರು, ನಾನು ನಕ್ಕು ಮನೆಗೆ ಬಂದೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಮೊನ್ನೆ ನಾನು ಪರಿಶೀಲಿಸಿದ್ದೂ ಉಗ್ರಾಣದ ಬಾಗಿಲಲ್ಲೇ ನಿಂತು. ಒಳಗೆ ಬಂದದ್ದೆಲ್ಲ ಕಂಡಿತು, ಒಳಗೇ ಕೊಳೆತದ್ದು ಕಾಣಲಿಲ್ಲ.

ನಿಘಂಟಿನಲ್ಲಿ ಯಾಕೆ ಕೆಡಲಿಲ್ಲ? ಅದರ ಪುಟಗಳೆಲ್ಲ ಒಂದೇ ಅಳತೆ! ಕತ್ತರಿಸುವ ಪ್ರಸಂಗವೇ ಬರುವುದಿಲ್ಲ. ಆಫೀಸಿನಲ್ಲಿ ಇರುವುದು ಅದೊಂದೇ ಪುಸ್ತಕ ಎಂದು ಇಷ್ಟು ವರ್ಷ ಎಲ್ಲ ಪರೀಕ್ಷೆಯನ್ನೂ ಅದರ ಮೇಲೇ ಮಾಡಿದೆವು. ನಿಘಂಟನ್ನು ಮೊದಲಿಂದ ಕೊನೆವರೆಗೆ ಯಾವ ಓದುಗ ಓದುತ್ತಾನೆ? ನಮಗೆ ಹೊಳೆಯಲೇ ಇಲ್ಲ.

ಬೇಲಿಯೇ ಎದ್ದು ಹೊಲ ಮೇಯಿತು. ಬೇಲಿ ನನ್ನದು. ಬೇಸರವಾಗಬೇಕಿತ್ತು, ಆದರೆ ಇವತ್ತಿನಷ್ಟು ಖುಷಿ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

ಮಧ್ಯಾಹ್ನ ಭಾವ ಡಬ್ಬಗಳನ್ನೆಲ್ಲ ಒಂದು ಗೋಡೆಗೆ ಒತ್ತಿ ಪೇರಿಸಿದರು. ನಾನೂ ಕೈಹಾಕಿದೆ. ಕೋಣೆ ಇಷ್ಟು ದೊಡ್ಡದಿದೆಯೆಂದು ಗೊತ್ತೇ ಇರಲಿಲ್ಲ. ಭಾವ ನೆಲದ ಮೇಲೆ ಉದ್ದಕ್ಕೆ ಮಲಗಿ ಈಜಿ ತೋರಿಸಿದರು.

ಸೋಮವಾರ, ಜೂನ್ ೧೭

ಆಫೀಸಿಗೆ ಹೋಗುವಾಗ ಪತ್ರಿಕೆ ಮತ್ತು ಒಂದು ಕಾದಂಬರಿ ಕೊಂಡೆ. ಅಜ್ಜಿಯ ಕ್ರಮದಲ್ಲೇ ಓದಿಸಿದೆ. ಮಧ್ಯಾಹ್ನದ ಹೊತ್ತಿಗೆ ಏದುಸಿರು ಶುರುವಾಯಿತು, ಆಮೇಲೆ ಮೌನ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕೆಟ್ಟುಹೋದ ಯಂತ್ರದ ಮುಂದೆ ಕುಣಿಯುವವನನ್ನು ಬಾಸ್ ನೋಡಿ ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋದರು.

ಮಂಗಳವಾರ, ಜೂನ್ ೧೮

ಉಗ್ರಾಣವನ್ನು ಕಿತ್ತುಹಾಕಿದೆ. ರಿಪೇರಿಯಲ್ಲ, ಪೂರ್ತಿ. ಇನ್ನು ಮೇಲೆ ಜಾಗ ಬೇಕಾದರೆ ಪಾರುಪತ್ಯಗಾರನನ್ನು ಕೇಳುವುದು, ಮುಗಿದ ಕೂಡಲೇ ಅವನಿಗೇ ಕೊಡುವುದು. ಕೂಡಿಸುವುದು, ಒರೆಸುವುದು, ಇನ್ನೊಬ್ಬರಿಗೆ ಕೊಡುವುದು ಅವನ ಕಸುಬು, ನನಗಿಂತ ಚೆನ್ನಾಗಿ ಬಲ್ಲ. ಅಳಿಸುವ ಮೊದಲು ಬೆರಳು ಸ್ವಲ್ಪ ತಡೆಯಿತು, ಆಮೇಲೆ ಒತ್ತಿದೆ. ಬೆಳಗಿನಿಂದ ಪತ್ರಿಕೆ, ಕಾದಂಬರಿ, ಪತ್ರಿಕೆ. ಮೆಮೊರಿಯ ಗೆರೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಮಲಗಿದ ಮಗುವಿನ ಹೊಟ್ಟೆಯ ಹಾಗೆ. ನೋಡುತ್ತಲೇ ಕೂತೆ.

ಸಂಜೆ ಗ್ರಂಥಾಲಯಕ್ಕೆ ಹೋಗಿ ಹೊಸ ಪ್ರೋಗ್ರಾಂ ಹಾಕಿಬಂದೆ. ಅಜ್ಜಿ ಮನೆಗೆ ಹೋಗಿದ್ದರು. ಗ್ರಂಥಪಾಲಕಿಗೆ ಎಲ್ಲವನ್ನೂ ವಿವರಿಸಿದೆ. "ಫೋನ್ ಮಾತು ಮುಗಿದ ಮೇಲೂ ರಿಸೀವರ್ ಕೆಳಗಿಡದೆ ಕೂತವರ ಹಾಗೆ, ಲೈನು ಇವರಿಗೂ ಇಲ್ಲ, ಬೇರೆಯವರಿಗೂ ಇಲ್ಲ. ಅಜ್ಜಿಗೆ ಹೀಗೆ ಹೇಳಬೇಕು ಅಂದ್ಕೊಂಡಿದೀನಿ" ಎಂದೆ. ಕೇಳಿ ಅವರ ಭುಜ ಅಲುಗಿತು. ಮನೆಯಲ್ಲಿ ಕೂಡಿಟ್ಟ ಮಾನಿಟರುಗಳ ಮಾತೂ ಬಂತು. "ಅಷ್ಟು ದೊಡ್ಡ ಪರದೆಗಳಾ? ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದು ಮಾಡಿ ತೋರಿಸಬಹುದಲ್ವಾ ಸರ್? ನಮ್ಮಲ್ಲಿ ಒಂದೂ ಇಲ್ಲ" ಎಂದರು. ಬೇಕಾದರೆ ಎಲ್ಲ ತೆಗೆದುಕೊಂಡು ಹೋಗಿ ಎಂದುಬಿಟ್ಟೆ. ಎಂದಮೇಲೆ ನನಗೇ ಆಶ್ಚರ್ಯವಾಯಿತು.

ಮನೆಗೆ ತಡವಾಗಿ ಬಂದೆ. ಅಕ್ಕ ಬಾಗಿಲಲ್ಲೇ ಮುಖ ನೋಡಿ, "ಹುಚ್ಚು ಬಿಡೋವರೆಗೆ ಮದುವೆ ಆಗೋಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡೋಲ್ಲ" ಎಂದಳು. ಯಾಕೆ ಹೇಳಿದಳೋ, ಯಂತ್ರದ ಹುಚ್ಚನ್ನೇ ಅಂದಿರಬೇಕು.

ಶುಕ್ರವಾರ, ಜೂನ್ ೨೧

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಸಮಿತಿಯವರು ಮೂವರು ಬಂದು ಸಾಲಾಗಿ ಕೂತರು. ಅಧ್ಯಕ್ಷರು ಗಡಿಯಾರ ನೋಡಿ, "ಯಾವುದಾದ್ರೂ ಒಂದು ಪುಸ್ತಕ ಓದಿಸಿ, ಕೇಳ್ತೀವಿ" ಎಂದರು. ಗ್ರಂಥಪಾಲಕಿ ನನ್ನ ಹತ್ತಿರ ಬಾಗಿ, "ಅಜ್ಜಿಗೆ ಇವತ್ತೊಂದು ದಿನ ಪೇಪರ್ ಬೇಡ ಅನ್ನಲಾ? ಬರೀ ಕಾದಂಬರಿ ಆದ್ರೆ ಹಳೇದೂ ನಿಲ್ತಿರ್ಲಿಲ್ಲ ಅಂದ್ರಲ್ಲ" ಎಂದು ಪಿಸುಗುಟ್ಟಿದರು. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಮಿತಿಯವರು ಎದ್ದು ಹೋದ ಮೇಲೆ ನಾಳೆಯಿಂದ ಇಲ್ಲಿ ಕೂರುವವರು ಅಜ್ಜಿ. "ಬೇಡ. ಅಜ್ಜಿ ದಿನಾ ಹೇಗೆ ಓದ್ತಾರೋ ಹಾಗೇ ಓದ್ಲಿ" ಎಂದೆ.

ಅಜ್ಜಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಅಧ್ಯಾಯ, ಪತ್ರಿಕೆ, ಅಧ್ಯಾಯ, ಪತ್ರಿಕೆ. ಸಮಿತಿಯವರು ಮೊದಲು ಆಕಳಿಸುತ್ತಿದ್ದರು. ಆಮೇಲೆ ಕುರ್ಚಿಗಳು ಒಂದೊಂದಾಗಿ ಮುಂದೆ ಸರಿದವು. ಅಧ್ಯಕ್ಷರಂತೂ ಪತ್ರಿಕೆ ಶುರುವಾದರೆ ಸಿಡಿಮಿಡಿಗೊಳ್ಳತೊಡಗಿದರು. "ಹವಾಮಾನ ಆಮೇಲೆ ಕೇಳಬಹುದಲ್ಲಮ್ಮ, ಆ ಬೀಗದ ಕೈ ಯಾರ ಜೇಬಲ್ಲಿತ್ತು?"

"ತಾಳ್ಮೆ ಇರ್ಲಿ ಸ್ವಾಮಿ" ಎಂದರು ಅಜ್ಜಿ.

ಕೊನೆಯ ಅಧ್ಯಾಯ. ಇನ್‌ಸ್ಪೆಕ್ಟರು ಎಲ್ಲರನ್ನೂ ಊಟದ ಮನೆಯಲ್ಲಿ ಕೂಡಿಸಿದರು. ಯಂತ್ರ ಓದಿತು: "ಕೊಲೆ ಮಾಡಿದ್ದು..."

ಮೌನ.

ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ. ಗ್ರಂಥಪಾಲಕಿ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರು, ಬಹುಶಃ ಮೇಜು ಎಂದುಕೊಂಡು. ಅಧ್ಯಕ್ಷರು ಅರ್ಧ ಎದ್ದು ನಿಂತರು.

"ಯಾಕೆ ಎಲ್ರೂ ಉಸಿರು ಕಟ್ಟಿದೀರಿ?" ಎಂದರು ಅಜ್ಜಿ. "ಮಿಷಿನ್ನು ಚೆನ್ನಾಗಿದೆ. ಪುಟ ಮುಗೀತು, ನಾನೇ ಮುಂದಿನ ಪುಟದ ಮೇಲೆ ಕೈ ಅಡ್ಡ ಇಟ್ಟಿದೀನಿ. ಮೊದ್ಲು ನಾನು ಹೇಳ್ತೀನಿ, ಆಮೇಲೆ ಅದು ಹೇಳ್ಲಿ. ಕೊಲೆ ಮಾಡಿದ್ದು ಹಲ್ಲಿನ ಡಾಕ್ಟ್ರು."

"ಛೆ, ಛೆ, ಅಡುಗೆಯವನು" ಎಂದರು ಅಧ್ಯಕ್ಷರು.

ಅಜ್ಜಿ ಕೈ ತೆಗೆದರು. ಕ್ಯಾಮೆರಾ ಕ್ಲಿಕ್ ಎಂದಿತು. "ಇದೇ ಹಲ್ಲಿನ ಡಾಕ್ಟರು" ಎಂದಿತು ಯಂತ್ರ, ಒಂದು ಚೂರೂ ಏದುಸಿರಿಲ್ಲದೆ. ಗ್ರಂಥಾಲಯದಲ್ಲಿ ಸದ್ದು ಮಾಡಬಾರದು ಎಂಬ ಫಲಕದ ಕೆಳಗೇ ಎಲ್ಲರೂ ಕೂಗಿದರು. ಅಜ್ಜಿ ಎರಡೂ ಕೈಯಿಂದ ಮೇಜು ಬಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ, ಇದನ್ನು ಓದುವವನು ನಾನೊಬ್ಬನೇ ತಾನೇ.

ಯಂತ್ರ ಉಳಿಯಿತು. ಅಧ್ಯಕ್ಷರು ಹೋಗುವಾಗ ಅದೇ ಕಾದಂಬರಿಯನ್ನು ಎರವಲು ಪಡೆದರು, ಬೀಗದ ಕೈಯ ಭಾಗ ಸರಿಯಾಗಿ ಕೇಳಿಸಲಿಲ್ಲವಂತೆ.

ಹೊರಡುವಾಗ ಅಜ್ಜಿ ನನ್ನ ಮುಂಗೈ ತಟ್ಟಿ, "ನೋಡಪ್ಪ, ಎಕ್ಸ್‌ಚೇಂಜಲ್ಲಿ ಇಡೀ ಆಯುಷ್ಯ ಕೂತಿದ್ದೆ. ಯಾವ ಮಾತು ಮುಗಿದಿದೆ, ಯಾವುದು ಇನ್ನೂ ಶುರುವಾಗ್ದೇ ಎರಡು ಕಡೇನೂ ಸುಮ್ನೆ ಕಾಯ್ತಿದಾರೆ ಅಂತ ಉಸಿರಲ್ಲೇ ಗೊತ್ತಾಗೋದು" ಎಂದರು. ಹಳೆಯ ಕೆಲಸದ ನೆನಪು ಬಂದಿರಬೇಕು. ಪಕ್ಕದಲ್ಲಿದ್ದ ಗ್ರಂಥಪಾಲಕಿ ಇದ್ದಕ್ಕಿದ್ದಂತೆ ಪುಸ್ತಕ ಜೋಡಿಸಲು ಹೋದರು.

ಅಕ್ಕನಿಗೆ ಕೊಲೆಗಾರ ಯಾರೆಂದು ಹೇಳಿದೆ. "ಬರೆದವನಿಗೆ ದವಡೆ ಹಲ್ಲು ನೋಯ್ಲಿ" ಎಂದಳು.

ಶನಿವಾರ, ಜೂನ್ ೨೨

ಅಕ್ಕ ಭಾವ ಹೊರಟರು. ಪೈಪು ಹಾಕಿ ನೆಲ ಮುಚ್ಚಿದ್ದಾರಂತೆ.

"ಸಿಮೆಂಟು ಚೆನ್ನಾಗಿ ಒಣಗಿರಲ್ಲ, ಇನ್ನೊಂದು ವಾರ ಇರಿ" ಎಂದೆ.

ಅಕ್ಕ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ" ಎಂದು ಭಾವನಿಗೆ ಹೇಳಿದಳು. ಭಾವ ಕುರ್ಚಿಯ ಧೂಳು ಕೊಡವಿ, "ತಗೋ ಬಾಮೈದ, ನಿನ್ನ ಸಿಂಹಾಸನ" ಎಂದರು. ಅವರ ಕಾರು ತಿರುವು ದಾಟುವವರೆಗೆ ನಿಂತಿದ್ದೆ. ಮನೆ ಬಿಕೋ ಎನ್ನುತ್ತಿತ್ತು. ಕೋಣೆಗಳನ್ನು ಗುಡಿಸಿ, ನೆಲ ಒರೆಸಿ, ಕಿಟಕಿ ತೆರೆದಿಟ್ಟೆ. ಡಬ್ಬಗಳನ್ನು ಮತ್ತೆ ಹರಡಲಿಲ್ಲ.

ಭಾನುವಾರ, ಜೂನ್ ೨೩

ಮಾನಿಟರು ಒಯ್ಯಲು ಗ್ರಂಥಪಾಲಕಿ ವ್ಯಾನು ತಂದಿದ್ದರು. ದಾರಿ ತೋರಿಸಲೆಂದು ಅಜ್ಜಿಯೂ ಬಂದಿದ್ದರು. ಕಣ್ಣು ಕಾಣದವರು ದಾರಿ ತೋರಿಸಲು! ಕೇಳಿದರೆ "ನಾನು ಬರದಿದ್ರೆ ನೀವಿಬ್ರೂ ಮಾನಿಟರ್ ವಿಷ್ಯಾನೇ ಮಾತಾಡ್ತಾ ಕೂರ್ತೀರಿ" ಎಂದರು.

ಮಾನಿಟರು, ಕೀಬೋರ್ಡು, ವೈರು, ಡಬ್ಬಗಳ ಸಮೇತ ಎಲ್ಲ ಹೋಯಿತು. ಆಮೇಲೆ ಚಹಾ ಮಾಡಿದೆ. ಕಾಫಿಪುಡಿ ಇತ್ತು, ಆದರೂ ಚಹಾ ಮಾಡಿದೆ. ಅಜ್ಜಿ ಖಾಲಿ ಕೋಣೆಯ ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿ ಸದ್ದು ಕೇಳಿದರು. "ಒಳ್ಳೇ ಕೋಣೆ. ಇಬ್ರು ಧಾರಾಳವಾಗಿ ಜಗಳ ಆಡಬಹುದು" ಎಂದರು. ಗ್ರಂಥಪಾಲಕಿಯ ಭುಜ ಅಲುಗಿತು. ನನ್ನದೂ. ಅಕ್ಕನಿಗೆ ಹಾಕಿದ್ದ ಮಂಚವನ್ನು ನಡುಮನೆಗೆ ಎಳೆದು ಅಜ್ಜಿಯನ್ನು ಕೂರಿಸಿ, ಗ್ರಂಥಪಾಲಕಿಗೆ ಕಿಟಕಿ ಪಕ್ಕದ ಕುರ್ಚಿ ಕೊಟ್ಟೆ. ಮಳೆ ಬಂದು ನಿಂತಿತು. ಮಾತಾಡಿದ್ದು ಏನೆಂದು ಬರೆಯಲು ಹೋದರೆ ಒಂದೂ ನೆನಪಾಗುತ್ತಿಲ್ಲ, ಆದರೆ ಬಹಳ ಹೊತ್ತು ಮಾತಾಡಿದೆವು. ಮಾನಿಟರ್ ವಿಷಯವಲ್ಲ.

ಅವರಿಬ್ಬರೂ ಹೋದ ಮೇಲೆ ನೋಡಿದರೆ ಗ್ರಂಥಪಾಲಕಿಯ ಕೊಡೆ ಕುರ್ಚಿಯಲ್ಲೇ ಇದೆ. ಹಿಡಿಕೆ ಮುರಿದು ದಾರ ಸುತ್ತಿದ ಕೊಡೆ. ಬಿಟ್ಟುಹೋಗುವಷ್ಟು ಮರೆವಿನವರಲ್ಲ ಅವರು, ಸಾವಿರಾರು ಪುಸ್ತಕಗಳಲ್ಲಿ ಯಾವುದು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಫೋನು ಮಾಡಿದೆ. "ಹೌದಾ? ನಾಳೆ ಸಂಜೆ ಬಂದು ತಗೊಳ್ತೀನಿ, ಅಲ್ಲೇ ಇರ್ಲಿ" ಎಂದರು.

ಅಲ್ಲೇ ಇದೆ. ನಾನು ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಮೊದಲ ಕೆಲಸ, ಇನ್ನೊಂದು ಕುರ್ಚಿ ಕೊಳ್ಳಬೇಕು.